‘ಊಟಾತೇನ್ರಿ’ ಮತ್ತು ಮ್ಯಾಂಡರಿನ್‌ನ ಸಣ್ಣ ಸದ್ದುಗಳು

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರು ಸಿಕ್ಕರೆ ಕೇಳುವುದು ‘ಊಟಾತೇನ್ರಿ?’ ಬೀಜಿಂಗಿನ ಹಳಬರೂ ಹಾಗೆಯೇ ಕೇಳುತ್ತಾರೆ: ‘ನೀ ಛರ್ ಲ ಮಾ?’ ‘ನೀ’ ಎಂದರೆ ನೀನೇ, ಅದು ಬರೀ ಆಕಸ್ಮಿಕ. ‘ಛರ್’ ಎಂದರೆ ಉಣ್ಣು. ಕೊನೆಯ ಎರಡು ಸದ್ದುಗಳಿಗೆ ಬಿಡಿಯಾಗಿ ಅರ್ಥವಿಲ್ಲ, ಕೆಲಸವಿದೆ. ‘ಲ’ ನಮ್ಮ ‘ಆತು’ವಿನಂತೆ, ‘ಮಾ’ ನಮ್ಮ ‘ಏನು’ವಿನಂತೆ. ಮ್ಯಾಂಡರಿನ್ ಕ್ರಿಯಾಪದಕ್ಕೆ ಕಾಲ, ಪುರುಷ, ವಚನದ ಪ್ರತ್ಯಯ ಹತ್ತುವುದಿಲ್ಲ. ಕೆಲಸ ಮುಗಿಯಿತೋ, ನಡೆದಿದೆಯೋ ಎಂಬುದನ್ನು ಹೆಚ್ಚಾಗಿ ಈ ಸಣ್ಣ ಸದ್ದುಗಳೇ ಹೇಳಬೇಕು.

ಕಿವಿಗೆ ತಪ್ಪುವುದೂ ಇವೇ. ಮ್ಯಾಂಡರಿನ್‌ನಲ್ಲಿ ನಾಲ್ಕು ಸ್ವರಗಳು, ಅಂದರೆ ದನಿಯ ಏರಿಳಿತಗಳು, ಇವೆ ಎಂದು ಎಲ್ಲರೂ ಓದಿರುತ್ತಾರೆ. ಈ ಸದ್ದುಗಳಿಗೆ ಆ ನಾಲ್ಕರಲ್ಲಿ ಒಂದೂ ಇಲ್ಲ. ಅವು ಗಿಡ್ಡ, ಮೆತ್ತಗೆ. ಏರಿಳಿತವನ್ನು ಹಿಂದಿನ ಅಕ್ಷರದಿಂದ ಕಡ ಪಡೆಯುತ್ತವೆ. ಮೂರನೇ ಸ್ವರದ ನಂತರ ಬಂದರೆ ಮೇಲಕ್ಕೆ, ನಾಲ್ಕನೆಯದರ ನಂತರ ಬಂದರೆ ತೀರ ಕೆಳಕ್ಕೆ. ಮಾತಿನ ಒಟ್ಟು ಅರ್ಥ ತಿಳಿದುಬಿಟ್ಟರೆ ಮಿದುಳು ಉಳಿದ ಸದ್ದಿನ ಗೊಡವೆಗೆ ಹೋಗುವುದಿಲ್ಲ. ಗಮನಕ್ಕೆ ಬಾರದ್ದನ್ನು ಕಲಿಯಲಾಗದು ಎಂದು ಭಾಷಾವಿಜ್ಞಾನಿ ರಿಚರ್ಡ್ ಶ್ಮಿಟ್ 1990ರಲ್ಲಿ ವಾದಿಸಿದ್ದರು. ತಿಂಗಳುಗಟ್ಟಲೆ ಕೇಳಿದರೂ ‘ಲ’ ಬಾಯಿಗೆ ಬಾರದಿರುವುದಕ್ಕೆ ಇದೇ ಕಾರಣವೆಂದು ನನಗನ್ನಿಸುತ್ತದೆ.

ಅದಕ್ಕೇ ಉಕ್ತಲೇಖನ ಬೇಕು. ಶಾಲೆಯಲ್ಲಿ ಗುರುಗಳು ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ಚೀನಾದ ಮಕ್ಕಳೂ ಬರೆಯುತ್ತಾರೆ, ಅಲ್ಲಿ ಅದರ ಹೆಸರು ‘ಥಿಂಗ್‌ಶ್ಯೆ’, ಕೇಳಿ-ಬರೆ ಎಂದರ್ಥ. ಬರೆಯುವಾಗ ಒಂದೂ ಸದ್ದನ್ನು ಹಾರಿಸುವಂತಿಲ್ಲ. ‘ದ’ ಎಂಬುದನ್ನೇ ನೋಡಿ. ಒಂದೇ ಉಚ್ಚಾರ, ಬರವಣಿಗೆಯಲ್ಲಿ ಮೂರು ಬೇರೆ ಅಕ್ಷರ. ‘ಓಡೋ ಹುಡುಗ’ ಎನ್ನುವಲ್ಲಿ ಒಂದು, ‘ಲಗೂ ಲಗೂ ಓಡ್ತಾನ’ ಎನ್ನುವಲ್ಲಿ ಇನ್ನೊಂದು, ‘ಅಂವ ಓಡೂದು ಭಾಳ ಜೋರು’ ಎನ್ನುವಲ್ಲಿ ಮತ್ತೊಂದು. ಕಿವಿ ಇವನ್ನು ಬೇರ್ಪಡಿಸಲಾರದು. ವಾಕ್ಯದ ಕಟ್ಟು ತಿಳಿದವರ ಕೈ ಮಾತ್ರ ಸರಿಯಾದ ಅಕ್ಷರ ಬರೆದೀತು. ಚಿಕ್ಕ ಹತ್ತು ವಾಕ್ಯ ಸಾಕು. ಬರೆದಾದ ಮೇಲೆ ತಪ್ಪಿದ ಸಣ್ಣ ಸದ್ದುಗಳಿಗಷ್ಟೇ ಗೆರೆ ಎಳೆದು, ಅವನ್ನೇ ಮತ್ತೆ ಕೇಳಬೇಕು.

ಆಮೇಲೆ ಅನುವಾದ. ಇಲ್ಲಿ ನನ್ನದೊಂದು ಹಟವಿದೆ: ಇಂಗ್ಲಿಷಿಗೆ ಬೇಡ, ಮನೆಯ ಮಾತಿಗೇ ಮಾಡಿ. ಇಂಗ್ಲಿಷಿನ ಮೂಲಕ ಕಲಿತವರು ‘ಲ’ ಅಂದರೆ ಭೂತಕಾಲ ಎಂದು ಗಟ್ಟಿ ಮಾಡಿಕೊಂಡು ಎಡವುತ್ತಾರೆ. ಹನಿ ಬೀಳಲು ಶುರುವಾದೊಡನೆ ಚೀನೀಯರು ‘ಶ್ಯಾ ಯ್ಯೂ ಲ’ ಅನ್ನುತ್ತಾರೆ. ರಾಮದುರ್ಗದ ಹೊಲದಲ್ಲಿ ನಾವು ‘ಮಳಿ ಬಂತು’ ಅನ್ನುತ್ತೇವೆ. ಮಳೆ ಇನ್ನೂ ಸುರಿಯಬೇಕಷ್ಟೆ, ಆದರೆ ಸ್ಥಿತಿ ಬದಲಾಯಿತು. ಅಡುಗೆಮನೆಯಿಂದ ಅವ್ವ ಕರೆದಾಗ ಕೂತಲ್ಲಿಂದ ಏಳದೆಯೇ ‘ಬಂದೆ’ ಎನ್ನುತ್ತೇವಲ್ಲ, ಅವರದೂ ಹಾಗೆಯೇ, ‘ಲಾಯ್ ಲ’. ನಿಷೇಧದಲ್ಲಂತೂ ಹೋಲಿಕೆ ಬೆರಗು ಹುಟ್ಟಿಸುತ್ತದೆ. ‘ಹೋದೆ’ ಎಂಬುದರಲ್ಲಿರುವ ‘ದ’ಕಾರ ‘ಹೋಗಲಿಲ್ಲ’ ಎಂಬುದರಲ್ಲಿ ಉಳಿಯುವುದಿಲ್ಲ. ‘ಹೋಗಲಿಲ್ಲ’ ಎನ್ನಲು ಅವರೂ ‘ಲ’ವನ್ನು ಬಿಟ್ಟು ‘ಮೇಯ್ ಛ್ಯೂ’ ಎನ್ನುತ್ತಾರೆ.

‘ಕಿತ್ತೂರ ಕ್ವಾಟಿ ನೋಡಿದೆ’ ಮತ್ತು ‘ಕಿತ್ತೂರ ಕ್ವಾಟಿ ನೋಡೇನಿ’ ಒಂದೇ ಅಲ್ಲ. ಎರಡನೆಯದು ಎಂದಾದರೊಮ್ಮೆ ನೋಡಿದ ಅನುಭವ. ಮ್ಯಾಂಡರಿನ್‌ನಲ್ಲಿ ಆ ‘ಏನಿ’ಯ ಜಾಗಕ್ಕೆ ‘ಗ್ವೊ’ ಬರುತ್ತದೆ. ‘ಸವದತ್ತಿ ಗುಡ್ಡಕ್ಕ ಹೋಗೇನಿ’ ಎಂದು ದಿನವೂ ಆಡುವವರಿಗೆ ಇದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ.

ಮರುದಿನ ಮೂಲವನ್ನು ಮುಚ್ಚಿಟ್ಟು ಕನ್ನಡದಿಂದ ಹಿಂದಕ್ಕೆ ತಿರುಗಿಸಬೇಕು. ಆಗಲೇ ಹೊಂದದ್ದೂ ಕಾಣುತ್ತದೆ. ‘ಊಟಾತೇನ್ರಿ’ಯನ್ನು ಮರಳಿ ಒಯ್ಯುವಾಗ ‘ರಿ’ಗೆ ವಾಕ್ಯದ ಕೊನೆಯಲ್ಲಿ ಜಾಗವೇ ಸಿಗುವುದಿಲ್ಲ. ಅವರ ಗೌರವ ಕೂರುವುದು ಸರ್ವನಾಮದಲ್ಲಿ: ‘ನೀ’ ಹೋಗಿ ‘ನಿನ್’ ಆಗುತ್ತದೆ. ನಿನ್ ಛರ್ ಲ ಮಾ?