ಧ್ರುವದಲ್ಲಿ ಎಣ್ಣೆ ನಿಷೇಧ, ದುರ್ಗದಲ್ಲಿ ಗಣಿ ನಿಷೇಧ: ಬಿಲ್ ಕಟ್ಟೋರು ಯಾರು?

ಆರ್ಕ್ಟಿಕ್ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯಬಾರದು ಅಂತ ನಿಷೇಧ ಹಾಕಿದರೆ ಹೊಸದುರ್ಗದ ನಮಗೇನು? ಈ ಪ್ರಶ್ನೆಗೆ ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಕೊಡೋ ಉತ್ತರ ಒಂದೇ: "ಪೆಟ್ರೋಲ್ ರೇಟು ಏರುತ್ತೆ, ಇನ್ನೇನು." ಊರಿನ ಉತ್ತರ ಇನ್ನೂ ಚಿಕ್ಕದು: "ಅದೆಲ್ಲ ದೊಡ್ಡವರ ವಿಷಯ ಬಿಡಪ್ಪ."

ಎರಡೂ ಉತ್ತರ ನನಗೆ ಸಾಲದು ಅನ್ನಿಸುತ್ತೆ. ಭೂಮಿಯಿಂದ ಏನನ್ನಾದರೂ ತೆಗೆಯೋದನ್ನ ಒಂದು ಆದೇಶದಿಂದ ನಿಲ್ಲಿಸಿದರೆ ಜನರ ಬದುಕಿನಲ್ಲಿ ಏನಾಗುತ್ತೆ ಅನ್ನೋದನ್ನ ಕಲಿಯೋಕೆ ನಮ್ಮ ಚಿತ್ರದುರ್ಗ ಜಿಲ್ಲೆಯವರು ಅಲಾಸ್ಕಾಕ್ಕೆ ಹೋಗಬೇಕಿಲ್ಲ. 2011ರಲ್ಲಿ ನಾವೇ ಅದನ್ನ ನೋಡಿದ್ದೀವಿ.

ಮೊದಲು ಪೆಟ್ರೋಲ್ ಲೆಕ್ಕ

ಆರ್ಕ್ಟಿಕ್ ವಲಯದಲ್ಲಿ ಇನ್ನೂ ಪತ್ತೆಯಾಗದ ಸುಮಾರು 90 ಶತಕೋಟಿ ಬ್ಯಾರೆಲ್ ತೈಲ ಇರಬಹುದು ಅಂತ ಅಮೆರಿಕದ ಭೂವಿಜ್ಞಾನ ಸಂಸ್ಥೆ 2008ರಲ್ಲಿ ಅಂದಾಜು ಮಾಡಿತು. ಈ ತೈಲ-ಅನಿಲ ಸಂಪತ್ತಿನ ಹೆಚ್ಚು ಭಾಗ ಇರೋದು ಸಮುದ್ರದ ತಳದಲ್ಲಿ. ಜಗಳ ಶುರುವಾಗೋದು ಅಲ್ಲೇ.

2016ರ ಡಿಸೆಂಬರ್‌ನಲ್ಲಿ ಒಬಾಮ ಅಮೆರಿಕಕ್ಕೆ ಸೇರಿದ ಆರ್ಕ್ಟಿಕ್ ಸಮುದ್ರದ ಬಹುಭಾಗದಲ್ಲಿ ಹೊಸ ಗುತ್ತಿಗೆ ನಿಲ್ಲಿಸಿದರು. 2017ರಲ್ಲಿ ಟ್ರಂಪ್ ಅದನ್ನ ತೆಗೆದರು. 2019ರಲ್ಲಿ ಅಲಾಸ್ಕಾದ ನ್ಯಾಯಾಲಯ, ಟ್ರಂಪ್ ಮಾಡಿದ್ದು ಸರಿಯಲ್ಲ ಅಂದಿತು. 2021ರಲ್ಲಿ ಬೈಡನ್ ನಿಷೇಧ ಮತ್ತೆ ತಂದರು. 2025ರ ಜನವರಿಯಲ್ಲಿ ಟ್ರಂಪ್ ಮತ್ತೆ ತೆಗೆದರು. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ರಿವರ್ಟ್ ಮೇಲೆ ರಿವರ್ಟ್.

ಇಷ್ಟೆಲ್ಲ ಆದರೂ ಹೊಸದುರ್ಗದ ಬಂಕಿನಲ್ಲಿ ಆ ಕಾರಣಕ್ಕೆ ರೇಟು ಏರಲೂ ಇಲ್ಲ, ಇಳಿಯಲೂ ಇಲ್ಲ. ಯಾಕಂದ್ರೆ ಅಲ್ಲಿ ಗುತ್ತಿಗೆ ಪಡೆದು, ಬಾವಿ ಕೊರೆದು, ತೈಲ ಹೊರಗೆ ಬರೋಕೆ ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಶೆಲ್ ಕಂಪನಿ ಚುಕ್ಚಿ ಸಮುದ್ರದಲ್ಲಿ ಸುಮಾರು 700 ಕೋಟಿ ಡಾಲರ್ ಸುರಿದು 2015ರಲ್ಲಿ ವಾಪಸ್ ಬಂತು. ಆಗ ಒಬಾಮರ ನಿಷೇಧ ಬಂದೇ ಇರಲಿಲ್ಲ. ಸಿಕ್ಕ ತೈಲ, ಗ್ಯಾಸ್ ಎರಡೂ ಸಾಲದು ಅನ್ನೋದೇ ಮುಖ್ಯ ಕಾರಣ.

ನಮ್ಮ ಜೇಬಿಗೆ ಕೈ ಹಾಕಿದ್ದು ಬೇರೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನ ಶೇ 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್ ತೆರಿಗೆಯೂ ಏರಿತು. ಲೀಟರಿಗೆ ಸುಮಾರು 3 ರೂಪಾಯಿ ಒಂದೇ ದಿನದಲ್ಲಿ ಹೆಚ್ಚಾಯ್ತು. 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ ಮತ್ತೆ 2 ರೂಪಾಯಿ. ಭಾರತ ಬಳಸೋ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರದೇಶದ್ದು ಅನ್ನೋದು ನಿಜ. ಯುದ್ಧ, ತೈಲ ದೇಶಗಳ ತೀರ್ಮಾನ, ರೂಪಾಯಿ ಬೆಲೆ ಎಲ್ಲವೂ ನಮ್ಮನ್ನ ಮುಟ್ಟುತ್ತೆ. ಆದರೆ ಇನ್ನೂ ಕೊರೆಯದ ಬಾವಿಯ ನಿಷೇಧ ಆ ಪಟ್ಟಿಯಲ್ಲಿ ಬಹಳ ಕೆಳಗಿದೆ.

ಹಾಗಾದ್ರೆ ನಿಷೇಧದ ನಿಜವಾದ ಪೆಟ್ಟು ಯಾರಿಗೆ? ಪೆಟ್ಟು ಬೀಳೋದು ಬಾವಿಯ ಪಕ್ಕದಲ್ಲಿ ಇರೋರಿಗೆ. ಲಾಭ ಆಗೋದೂ ಮೊದಲು ಅವರಿಗೇ.

2011ರ ಆಗಸ್ಟ್ 26

ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಎರಡೇ ದಿನಕ್ಕೆ, ಜುಲೈ 29ರಂದು ಬಳ್ಳಾರಿಯಲ್ಲಿ ಕಬ್ಬಿಣದ ಅದಿರು ತೆಗೆಯೋದು ನಿಂತಿತು. ಆಗಸ್ಟ್ 26ರಂದು ಅದೇ ಆದೇಶ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಬಂತು.

ನಾನಾಗ ಪಿಯುಸಿ ಓದ್ತಿದ್ದೆ. ನಮ್ಮ ದೊಡ್ಡಪ್ಪನ ಮಗ ಅದರ ಹಿಂದಿನ ವರ್ಷವಷ್ಟೇ ಫೈನಾನ್ಸ್‌ನಲ್ಲಿ ಟಿಪ್ಪರ್ ತೆಗೆದಿದ್ದ. ಭೀಮಸಮುದ್ರದ ಕಡೆಯ ಗಣಿಯಿಂದ ಅದಿರು ಹೊಡೆಯೋ ಕೆಲಸ. ದಿನಕ್ಕೆ ಎರಡು ಟ್ರಿಪ್ ಆದರೆ ಕಂತು, ಡೀಸೆಲ್, ಡ್ರೈವರ್ ಸಂಬಳ ಕಳೆದು ಮನೆಗೆ ಒಂದಿಷ್ಟು ಉಳೀತಿತ್ತು. ಆದೇಶ ಬಂದ ವಾರದಲ್ಲೇ ಟಿಪ್ಪರ್ ಮನೆ ಮುಂದೆ ನಿಂತಿತು. ಕಂತು ಮಾತ್ರ ನಿಲ್ಲಲಿಲ್ಲ. ಮೂರನೇ ತಿಂಗಳಿಗೆ ದೊಡ್ಡಮ್ಮನ ಸರ ಬ್ಯಾಂಕಿನಲ್ಲಿ ಅಡವಿಗೆ ಹೋಯ್ತು. ಆರನೇ ತಿಂಗಳಿಗೆ ಫೈನಾನ್ಸಿನವರು ಬಂದು ಗಾಡಿ ತಗೊಂಡು ಹೋದರು. ಅಣ್ಣ ಸ್ವಲ್ಪ ದಿನ ಬೇರೆಯವರ ತೆಂಗಿನಕಾಯಿ ಲಾರಿ ಓಡಿಸಿ, ಆಮೇಲೆ ಬೆಂಗಳೂರಿಗೆ ಕ್ಯಾಬ್ ಓಡಿಸೋಕೆ ಹೊರಟ.

ಅಣ್ಣ ಅಕ್ರಮ ಗಣಿಯ ಧಣಿ ಆಗಿರಲಿಲ್ಲ. ಗುತ್ತಿಗೆಯ ಗಡಿ ಕಲ್ಲು ಎಲ್ಲಿದೆ ಅಂತಲೂ ಅವನಿಗೆ ಗೊತ್ತಿರಲಿಲ್ಲ. ಅದೇ ದಾರಿಯಲ್ಲಿ ಪಂಕ್ಚರ್ ಅಂಗಡಿಯವರು, ಹೋಟೆಲಿನವರು, ಗ್ಯಾರೇಜಿನ ಹುಡುಗರು ಕೂಡ ಹಾಗೇ ಕೂತರು.

ಗುಡ್ಡದ ಕೆಳಗಿನವರ ಕಥೆ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಆಗುತ್ತೆ. ಆ ದಾರಿಯ ಪಕ್ಕದಲ್ಲೇ ಅಡಿಕೆ, ತೆಂಗಿನ ತೋಟಗಳಿವೆ. ಭೀಮಸಮುದ್ರ ಅಂದ್ರೆ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಅದಿರು ಲಾರಿ ಓಡ್ತಿದ್ದಾಗ ಗರಿಯ ಮೇಲೆಲ್ಲ ಕೆಂಪು ಧೂಳು. ಒಣಗೋಕೆ ಹಾಕಿದ ಅಡಿಕೆ ಮೇಲೆ ಧೂಳು, ಮಕ್ಕಳ ಯೂನಿಫಾರಂ ಮೇಲೆ ಧೂಳು. ಲಾರಿ ನಿಂತ ಮೇಲೆ ಆ ಕಡೆಯ ನಮ್ಮ ನೆಂಟರೊಬ್ಬರು ಹೇಳಿದ ಮಾತು ಇನ್ನೂ ನೆನಪಿದೆ: "ಈ ಸಲ ಮಳೆ ಬರೋಕೆ ಮುಂಚೇನೇ ಗಿಡದ ಬಣ್ಣ ಕಾಣ್ತು ಕಣಪ್ಪ."

ಒಂದೇ ಆದೇಶ, ಒಂದು ಮನೆಗೆ ನಷ್ಟ, ಇನ್ನೊಂದು ಮನೆಗೆ ಉಸಿರು. ಅಲಾಸ್ಕಾದಲ್ಲೂ ಹೀಗೇ ಇದೆ. ತಿಮಿಂಗಿಲ ಬೇಟೆಯನ್ನೇ ನಂಬಿದ ಪಾಯಿಂಟ್ ಹೋಪ್ ಹಳ್ಳಿಯವರು ಚುಕ್ಚಿ ಸಮುದ್ರದ ಗುತ್ತಿಗೆ ವಿರುದ್ಧ ಕೋರ್ಟಿಗೆ ಹೋದರು. ಮಂಜುಗಡ್ಡೆಯ ನಡುವೆ ತೈಲ ಚೆಲ್ಲಿದರೆ ತೆಗೆಯೋದು ಹೇಗೆ ಅನ್ನೋದು ಅಲ್ಲಿನ ದೊಡ್ಡ ಭಯ. ಅದೇ ಸೀಮೆಯ ಸ್ಥಳೀಯ ಆಡಳಿತಕ್ಕೆ ಶಾಲೆ, ಆಸ್ಪತ್ರೆ ನಡೆಸೋ ದುಡ್ಡು ಬರೋದು ಹೆಚ್ಚಾಗಿ ನೆಲದ ಮೇಲಿನ ತೈಲ ಸ್ಥಾವರಗಳ ತೆರಿಗೆಯಿಂದ. ಕೆನಡಾ ಕೂಡ 2016ರಲ್ಲಿ ತನ್ನ ಆರ್ಕ್ಟಿಕ್ ಸಮುದ್ರದಲ್ಲಿ ಹೊಸ ಗುತ್ತಿಗೆ ನಿಲ್ಲಿಸಿತು. ಆಗ ಅಲ್ಲಿನ ವಾಯವ್ಯ ಪ್ರಾಂತ್ಯದ ಮುಖ್ಯಸ್ಥರಾಗಿದ್ದ ಬಾಬ್ ಮೆಕ್ಲಿಯೋಡ್ ಅವರ ತಕರಾರು, ನಮ್ಮನ್ನ ಒಂದು ಮಾತೂ ಕೇಳದೆ ರಾಜಧಾನಿಯಲ್ಲಿ ಕೂತು ತೀರ್ಮಾನ ಮಾಡಿದರು ಅನ್ನೋದು.

ಕುದುರೆಮುಖಕ್ಕೆ ಸಿಕ್ಕ ಮೂರು ವರ್ಷ

ನಿಷೇಧ ಬೇಕೋ ಬೇಡವೋ ಅನ್ನೋದಕ್ಕಿಂತ, ಅದು ಹೇಗೆ ಬರುತ್ತೆ ಅನ್ನೋದು ಸಾಮಾನ್ಯ ಜನರಿಗೆ ಮುಖ್ಯ. ನಮ್ಮ ರಾಜ್ಯದಲ್ಲೇ ಹೋಲಿಕೆ ಇದೆ. ಕುದುರೆಮುಖದ ಗಣಿ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಗಣಿ ನಿಂತಿದ್ದು 2005ರ ಡಿಸೆಂಬರ್ 31ಕ್ಕೆ. ಮಂಗಳೂರಿನ ಪೆಲೆಟ್ ಕಾರ್ಖಾನೆ ಬೇರೆ ಕಡೆಯ ಅದಿರಿನಿಂದ ಮುಂದುವರಿಯಿತು. ಕಷ್ಟ ಅಲ್ಲೂ ಇತ್ತು, ಆದರೆ ತಾರೀಕು ಮೊದಲೇ ಗೊತ್ತಿತ್ತು. ಗ್ರೀನ್‌ಲ್ಯಾಂಡ್ 2021ರಲ್ಲಿ ಮಾಡಿದ್ದೂ ಅದನ್ನೇ: ಹೊಸ ಲೈಸೆನ್ಸ್ ಕೊಡಲ್ಲ ಅಂದಿತು, ಆಗಲೇ ಕೊಟ್ಟಿದ್ದನ್ನ ಕಿತ್ತುಕೊಳ್ಳಲಿಲ್ಲ.

ಅಂಟಾರ್ಕ್ಟಿಕಾದಲ್ಲಂತೂ ಕೊರೆಯೋಕೆ ಮುಂಚೇನೇ ಬಾಗಿಲು ಹಾಕಿದರು. 1991ರ ಮ್ಯಾಡ್ರಿಡ್ ಒಪ್ಪಂದ 1998ರಲ್ಲಿ ಜಾರಿಗೆ ಬಂತು. ಸಂಶೋಧನೆ ಬಿಟ್ಟು ಖನಿಜದ ಯಾವ ಕೆಲಸವೂ ಅಲ್ಲಿ ಇಲ್ಲ. ಯಾರ ಟಿಪ್ಪರೂ ಸಾಲದಲ್ಲಿ ಇಲ್ಲದಿದ್ದಾಗ ಹಾಕೋ ನಿಷೇಧ ಎಲ್ಲಕ್ಕಿಂತ ಅಗ್ಗ. ಆರ್ಕ್ಟಿಕ್ ಸಮುದ್ರದ ಬಹುಭಾಗ ಇವತ್ತೂ ಹಾಗೇ ಇದೆ. ಅದಕ್ಕೇ ಅಲ್ಲಿ ಈಗಲೇ ನಿಲ್ಲಿಸೋದು ಸರಿ ಅನ್ನೋದು ನನ್ನ ಅಭಿಪ್ರಾಯ.

ದುರ್ಗದಲ್ಲಿ ಹಾಗಾಗಲಿಲ್ಲ. ಅಕ್ರಮವನ್ನ ಮೊದಲೇ ತಡೆಯಬೇಕಾದವರು ವರ್ಷಗಟ್ಟಲೆ ಸುಮ್ಮನಿದ್ದರು, ಕೊನೆಗೆ ಕೋರ್ಟೇ ಒಂದೇ ಏಟಿಗೆ ನಿಲ್ಲಿಸಬೇಕಾಯ್ತು. ಆಮೇಲೆ ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿದರು. 2012ರ ಸೆಪ್ಟೆಂಬರ್‌ನಲ್ಲಿ ಎ ವರ್ಗದ 18 ಗಣಿಗಳಿಗೆ ಅನುಮತಿ ಸಿಕ್ಕಿತು. 2013ರ ಏಪ್ರಿಲ್‌ನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ವರ್ಷಕ್ಕೆ ಇಷ್ಟೇ ಅದಿರು ಅಂತ ಮಿತಿ ಬಂತು. ನಿಯಮ ಪಾಲಿಸಿದ ಗಣಿಗಳು ಮತ್ತೆ ಶುರುವಾದವು, ಆದರೆ ಕಂತು ಕಟ್ಟಲಾಗದೆ ಹೋದ ಗಾಡಿಗಳು ವಾಪಸ್ ಬರಲಿಲ್ಲ. 2022ರ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನ ಮಿತಿಯನ್ನ 70 ಲಕ್ಷ ಟನ್ನಿನಿಂದ 150 ಲಕ್ಷ ಟನ್ನಿಗೆ ಏರಿಸಿದ್ದಾರೆ. ಅಂದ್ರೆ ಧೂಳಿನ ಪ್ರಶ್ನೆ ಮುಗಿದಿಲ್ಲ.

ದುಡ್ಡು ಯಾರ ಕೈಗೆ?

ಅಲಾಸ್ಕಾದಲ್ಲಿ ತೈಲದ ದುಡ್ಡಿನ ಒಂದು ಭಾಗವನ್ನ ನಿಧಿಯಲ್ಲಿಟ್ಟು, 1982ರಿಂದ ಪ್ರತಿವರ್ಷ ಅಲ್ಲಿನ ನಿವಾಸಿಗಳಿಗೆ ಪಾಲು ಹಂಚ್ತಾರೆ. 2022ರಲ್ಲಿ ಒಬ್ಬೊಬ್ಬರಿಗೆ 3,284 ಡಾಲರ್ ಬಂತು. ನಮ್ಮಲ್ಲೂ ಹಣ ಇದೆ. ಕೋರ್ಟಿನ ಆದೇಶದಂತೆ ಅದಿರಿನ ಹರಾಜಿನಿಂದ ಕಡಿತ ಮಾಡಿದ ಹಣಕ್ಕೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅಂತ ಇದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸುಮಾರು 25,000 ಕೋಟಿ ರೂಪಾಯಿಯ ಯೋಜನೆ ಅದರದ್ದು. ಇದಲ್ಲದೆ 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವೂ ಉಂಟು. ಕುಡಿಯೋ ನೀರು, ಆರೋಗ್ಯ, ಶಾಲೆ, ಕೌಶಲ ತರಬೇತಿ ಇವಕ್ಕೇ ಅಂತ ಆ ಹಣ.

ಅಣ್ಣನ ಗಾಡಿ ಹೋದ 2011ರಲ್ಲಿ ಈ ಎರಡರಲ್ಲಿ ಒಂದೂ ಇರಲಿಲ್ಲ. ಈಗ ಇವೆ. ನಮ್ಮಂಥ ಊರು ಬಿಟ್ಟ ಎಂಜಿನಿಯರುಗಳಿಗೆ ಇಲ್ಲೊಂದು ಕೆಲಸ ಇದೆ. ಫೋನಿನಲ್ಲಿ ಧ್ರುವದ ಕರಡಿಯ ವಿಡಿಯೋ ಫಾರ್ವರ್ಡ್ ಮಾಡೋ ಬೆರಳಿನಲ್ಲೇ ನಮ್ಮ ಪಂಚಾಯಿತಿಗೆ ಈ ನಿಧಿಯಿಂದ ಯಾವ ಕಾಮಗಾರಿ ಮಂಜೂರಾಗಿದೆ ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಹಬ್ಬಕ್ಕೆ ಊರಿಗೆ ಹೋದಾಗ ಗ್ರಾಮಸಭೆಯ ತಾರೀಕು ಕೇಳಿ, ಮೂರು ಪ್ರಶ್ನೆ ಹಾಕಿ: ಗಣಿ ಇನ್ನೊಮ್ಮೆ ನಿಂತರೆ ನಮಗೆ ಎಷ್ಟು ಸಮಯ ಸಿಗುತ್ತೆ? ಲಾರಿಯವರನ್ನೂ ತೋಟದವರನ್ನೂ ಕೂರಿಸಿ ಯಾರು ಮಾತಾಡ್ತಾರೆ? ಈ ವರ್ಷ ನಮ್ಮೂರಿಗೆ ಬಂದ ಹಣ ಎಷ್ಟು?

ಮೂರನೇ ಪ್ರಶ್ನೆಯಿಂದಲೇ ಶುರು ಮಾಡಿ. ಅದಕ್ಕೆ ಉತ್ತರ ಕಾಗದದಲ್ಲಿ ಸಿಗುತ್ತೆ.