ಅಕ್ಷತೆಯ ಮಳೆ ಮತ್ತು ವಿಡಿಯೊದ ಪರಿಶೀಲನಾ ಪ್ರತಿ

ಮದುವೆ ಮನೆಯಲ್ಲಿ ವಿಡಿಯೊ ತೆಗೆಯುವವರನ್ನು ನೀವೆಲ್ಲ ನೋಡಿದ್ದೀರಿ. ಚಪ್ಪರ ಬಿಚ್ಚಿದ ಮೇಲೆ ಅವರಿಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ಚಿತ್ರೀಕರಿಸಿದ್ದನ್ನೆಲ್ಲ ಮನೆಯವರಿಗೆ ತೋರಿಸಿ, ಯಾವುದು ಇರಲಿ, ಯಾವುದು ಬೇಡ ಎಂದು ಕೇಳಬೇಕು. ಹಾಗೆ ತೋರಿಸಲು ಮಾಡುವ ಹಗುರವಾದ ನಕಲನ್ನು ಇಲ್ಲಿ ‘ಪರಿಶೀಲನಾ ಪ್ರತಿ’ ಎಂದು ಕರೆಯೋಣ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೋರಣಗಲ್ಲಿನಲ್ಲಿ ಈ ಕಸುಬು ಮಾಡುತ್ತಾನೆ. ಅದು ಉಕ್ಕಿನ ಕಾರ್ಖಾನೆಯ ಊರು. ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬಗಳು ಬಹಳ. ಮದುವೆ ಹೊಸಪೇಟೆಯಲ್ಲಿ, ವಧೂವರರ ಚಿತ್ರಗಳು ಹಂಪಿಯ ಬಂಡೆಗಳ ನಡುವೆ, ನೋಡಿ ಒಪ್ಪಬೇಕಾದ ಅಣ್ಣ ಎಲ್ಲೋ ದೂರದ ಊರಿನಲ್ಲಿ. ಒಮ್ಮೆ ಅವನು ಫೋನ್ ಮಾಡಿ, “ಸಾರ್, ತಾಳಿ ಕಟ್ಟುವ ದೃಶ್ಯ ಚೌಕ ಚೌಕವಾಗಿ ಒಡೆದಿದೆಯಂತೆ. ಅದನ್ನು ತೆಗೆದುಹಾಕಿ, ಇನ್ನೊಂದು ಕ್ಯಾಮೆರಾದ್ದು ಹಾಕಿ ಅಂತಾರೆ. ಮೂಲದಲ್ಲಿ ನೋಡಿದರೆ ಏನೂ ಆಗಿಲ್ಲ” ಎಂದ. ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ಆ ಮುಹೂರ್ತಕ್ಕೆಂದೇ ಕುರ್ಚಿಯಲ್ಲಿ ಕೂರಿಸಿ ಕರೆತಂದಿದ್ದರು. ಆಕೆಯ ಮುಖ ಕಾಣುತ್ತಿದ್ದದ್ದು ಮೊದಲ ಕ್ಯಾಮೆರಾದಲ್ಲಿ ಮಾತ್ರ.

ದೋಷ ಎಲ್ಲಿತ್ತು? ಮೊದಲು ಒಂದು ಲೆಕ್ಕ ಮಾಡೋಣ. ಹೈ ಡೆಫಿನಿಷನ್ ಚಿತ್ರದ ಒಂದು ಫ್ರೇಮಿನಲ್ಲಿ 1920 × 1080, ಅಂದರೆ 20,73,600 ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್, ಸೆಕೆಂಡಿಗೆ 25 ಫ್ರೇಮ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 155 ಮೆಗಾಬೈಟ್ ಆಯಿತು. ಒಂದು ಗಂಟೆಗೆ 560 ಗಿಗಾಬೈಟ್! ಇಷ್ಟನ್ನು ಸಾಮಾನ್ಯ ಕ್ಯಾಮೆರಾದ ಕಾರ್ಡು ಹಿಡಿಸಲಾರದು. ಆದ್ದರಿಂದ ಕ್ಯಾಮೆರಾ ತಾನೇ ಅದನ್ನು ಸೆಕೆಂಡಿಗೆ 50 ಮೆಗಾಬಿಟ್‌ನಷ್ಟಕ್ಕೆ, ಸುಮಾರು 25ನೆಯ ಒಂದು ಭಾಗಕ್ಕೆ, ಕುಗ್ಗಿಸಿ ಬರೆದುಕೊಳ್ಳುತ್ತದೆ. (ನಾವು ‘ಕಚ್ಚಾ’ ಎಂದು ಕರೆಯುವ ಚಿತ್ರವೂ ಹೀಗೆ ಅರ್ಧ ಬೆಂದದ್ದೇ.) ಎರಡು ಕ್ಯಾಮೆರಾ, ಮೂರು ಮೂರು ಗಂಟೆ ಎಂದರೆ 135 ಗಿಗಾಬೈಟ್. ಸೆಕೆಂಡಿಗೆ 10 ಮೆಗಾಬಿಟ್ ಕಳಿಸಬಲ್ಲ ಇಂಟರ್‌ನೆಟ್ ಸಂಪರ್ಕದಲ್ಲಿ ಅದಕ್ಕೆ 30 ಗಂಟೆ ಬೇಕು. ಪರಿಶೀಲನಾ ಪ್ರತಿಯನ್ನು ಸೆಕೆಂಡಿಗೆ ಸರಾಸರಿ 2.5 ಮೆಗಾಬಿಟ್‌ಗೆ ಇಳಿಸಿದರೆ ಒಂದೂವರೆ ಗಂಟೆ ಸಾಕು.

ಇಳಿಸುವುದು ಹೇಗೆಂಬುದರಲ್ಲೇ ಇರುವುದು ವಿಷಯ. 2003ರಲ್ಲಿ ರೂಪುಗೊಂಡ ಎಚ್.264 ವಿಧಾನ ಇಂದಿಗೂ ಬಳಕೆಯಲ್ಲಿದೆ. ಅದು ಎಲ್ಲ ಫ್ರೇಮುಗಳನ್ನೂ ಪೂರ್ತಿಯಾಗಿ ಬರೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದನ್ನು ಇಡಿಯಾಗಿ ಬರೆದು, ಮಿಕ್ಕವುಗಳಲ್ಲಿ ಚಿತ್ರವನ್ನು 16 × 16 ಪಿಕ್ಸೆಲ್‌ಗಳ ಚೌಕಗಳಾಗಿ ಸೀಳಿ, ‘ಈ ಚೌಕ ಹಿಂದಿನ ಫ್ರೇಮಿನಿಂದ ಇಷ್ಟು ಬಲಕ್ಕೆ, ಇಷ್ಟು ಕೆಳಕ್ಕೆ ಸರಿದಿದೆ’ ಎಂದು ಸದಿಶವೊಂದನ್ನು ಬರೆದುಕೊಳ್ಳುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಅದಕ್ಕೆ ಸೇರಿಸುತ್ತದೆ. ಹಂಪಿಯ ಬಂಡೆ ಅಲುಗಾಡುವುದಿಲ್ಲ. ಅದಕ್ಕೆ ಬಿಟ್‌ಗಳ ಖರ್ಚು ಅತ್ಯಲ್ಪ. ಪುರೋಹಿತರು ಮಂತ್ರ ಹೇಳುತ್ತ ಕುಳಿತಿರುವ ಅರ್ಧ ಗಂಟೆಗೂ ಅಷ್ಟೆ.

ಈಗ ಗಟ್ಟಿಮೇಳ ಮೊಳಗಿತೆನ್ನಿ. ನೂರಾರು ಕೈಗಳಿಂದ ಅಕ್ಷತೆ ಹಾರುತ್ತದೆ. ಒಂದೊಂದು ಕಾಳಿಗೂ ಅದರದೇ ವೇಗ, ಅದರದೇ ದಿಕ್ಕು. ಒಂದೇ ಚೌಕದೊಳಗೆ ಹತ್ತು ಕಾಳು ಹತ್ತು ಕಡೆಗೆ. ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸುವುದು ಸಾಧ್ಯವೇ ಇಲ್ಲ. ವ್ಯತ್ಯಾಸವೇ ಇಡೀ ಚಿತ್ರದಷ್ಟಾಗುತ್ತದೆ. ಸೆಕೆಂಡಿಗೆ ಇಂತಿಷ್ಟೇ ಬಿಟ್ ಎಂದು ಮಿತಿ ಹಾಕಿಟ್ಟಿದ್ದರೆ, ತಂತ್ರಾಂಶ ಅಷ್ಟರಲ್ಲೇ ಹೊಂದಿಸಲು ಹೋಗಿ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಚೌಕಗಳು ಬಯಲಿಗೆ ಬೀಳುತ್ತವೆ. ಮೂರು ಗಂಟೆಯಲ್ಲಿ ಅತಿ ಮುಖ್ಯವಾದ ಆ ಅರ್ಧ ನಿಮಿಷವೇ ಅತಿ ಕೆಟ್ಟದಾಗಿ ಕಾಣುವುದು ಆಕಸ್ಮಿಕವಲ್ಲ. ತುಂಗಭದ್ರೆಯ ಅಲೆಗಳೂ ಗಾಳಿಗೆ ಅಲುಗುವ ಎಲೆಗಳೂ ಇದೇ ತೊಂದರೆ ಕೊಡುತ್ತವೆ.

ನನ್ನ ವಿದ್ಯಾರ್ಥಿ ಮಾಡಿದ್ದೂ ಇದನ್ನೇ. ಎಲ್ಲ ಸೆಕೆಂಡಿಗೂ ಸಮನಾದ ಪಡಿತರ ಹಂಚಿದ್ದ. ಬಿಟ್‌ಗಳ ಬದಲು ಗುಣಮಟ್ಟವನ್ನು ಸ್ಥಿರವಾಗಿಟ್ಟಿದ್ದರೆ ಸಾಕಿತ್ತು. ಉಚಿತವಾಗಿ ಸಿಗುವ ಎಕ್ಸ್264 ತಂತ್ರಾಂಶದಲ್ಲಿ ಇದಕ್ಕೆ ಸಿಆರ್‌ಎಫ್ ಎಂಬ ಸಂಖ್ಯೆಯಿದೆ. ಅದು ತಾನಾಗಿ 23 ಇರುತ್ತದೆ. 6ರಷ್ಟು ಹೆಚ್ಚಿಸಿದರೆ ಕಡತದ ಗಾತ್ರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆಗ ಮಂತ್ರದ ಹೊತ್ತಿನಲ್ಲಿ ಉಳಿದ ಬಿಟ್‌ಗಳು ಅಕ್ಷತೆಗೆ ಒದಗುತ್ತವೆ. ಇನ್ನೂ ಹಗುರ ಬೇಕೆಂದರೆ ಚಿತ್ರವನ್ನು 1280 × 720ಕ್ಕೆ ಇಳಿಸಬಹುದು. ಪಿಕ್ಸೆಲ್‌ಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ, ಫೋನಿನ ಪರದೆಯಲ್ಲಿ ನೋಡುವವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಗಿರಾಕಿಯನ್ನು ದಾರಿ ತಪ್ಪಿಸುವ ಇನ್ನೊಂದು ಸಂಗತಿ ಬಣ್ಣ. ಹಂಪಿಯ ಬಿಸಿಲಿನಲ್ಲಿ ಪ್ರಕಾಶ ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಕಲ್ಲುಮಂಟಪದ ಒಳಗೆ ಕೆಲವು ನೂರು ಮಾತ್ರ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಕೆಲವು ಕ್ಯಾಮೆರಾಗಳು ಬೆಳಕನ್ನು ಲಾಗರಿದಮ್ ಪ್ರಮಾಣದಲ್ಲಿ ದಾಖಲಿಸುತ್ತವೆ. ಶಬ್ದವನ್ನು ನಾವು ಡೆಸಿಬೆಲ್‌ನಲ್ಲಿ ಅಳೆಯುತ್ತೇವಲ್ಲ, ಅದೇ ಉಪಾಯ. ಹಾಗೆ ತೆಗೆದದ್ದನ್ನು ನೇರವಾಗಿ ನೋಡಿದರೆ ಎಲ್ಲವೂ ಬೂದಿ ಬಳಿದಂತೆ, ಸಪ್ಪೆ. ಅದನ್ನು ಹಾಗೇ ಕಳಿಸಿದರೆ ಕ್ಯಾಮೆರಾ ಕೆಟ್ಟಿದೆ ಎಂದು ಗಿರಾಕಿ ಹೇಳಿಯೇ ಹೇಳುತ್ತಾನೆ, ಅವನ ತಪ್ಪೇನೂ ಇಲ್ಲ. ಪರಿಶೀಲನಾ ಪ್ರತಿಯಲ್ಲಾದರೂ ಅದನ್ನು ಸಾಮಾನ್ಯ ಪರದೆಗೆ ಹೊಂದುವಂತೆ ಪರಿವರ್ತಿಸಬೇಕು.

ಪ್ರತಿಯಲ್ಲಿ ಬಣ್ಣ, ಗಾತ್ರ ಬದಲಾಗಬಹುದು. ಕಾಲ ಮಾತ್ರ ಬದಲಾಗಕೂಡದು. ಚಿತ್ರದ ಮೂಲೆಯಲ್ಲಿ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಸಂಖ್ಯೆ ಸದಾ ಕಾಣುತ್ತಿರಲಿ. ಜೊತೆಗೆ ಕ್ಯಾಮೆರಾ ಯಾವುದೆಂಬ ಗುರುತೂ ಇರಲಿ. 01:12:40:08 ಎಂದು ಬರೆದುಕೊಟ್ಟರೆ ಮೂಲದಲ್ಲಿ ಅದೇ ಫ್ರೇಮು ಸಿಗಬೇಕು. 29.97 ಫ್ರೇಮಿನ ಚಿತ್ರವನ್ನು 30 ಎಂದು ಎಣಿಸಿದರೆ ಒಂದು ಗಂಟೆಯಲ್ಲಿ 108 ಫ್ರೇಮು, ಅಂದರೆ 3.6 ಸೆಕೆಂಡು, ಹಿಂದೆ ಬೀಳುತ್ತೀರಿ. ತಾಳಿ ಕಟ್ಟುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕೇ? ಮೊಬೈಲ್ ಚಿತ್ರ ಬೆರೆಸಿದಾಗಲಂತೂ ಎಚ್ಚರ ಬೇಕು. ಅನೇಕ ಫೋನುಗಳಲ್ಲಿ ಫ್ರೇಮುಗಳ ದರ ಬೆಳಕಿಗೆ ತಕ್ಕಂತೆ ಏರಿಳಿಯುತ್ತದೆ. ಅದನ್ನು ಮೊದಲೇ ಸ್ಥಿರ ದರಕ್ಕೆ ತಂದುಕೊಳ್ಳಬೇಕು.

ಇದೆಲ್ಲಕ್ಕೂ ಮುಂಚೆ ಕಾರ್ಡಿನಲ್ಲಿರುವುದನ್ನು ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ಎಂಡಿ5ನಂಥ ತಾಳೆಸಂಖ್ಯೆಯಿಂದ ಮೂಲಕ್ಕೂ ನಕಲಿಗೂ ಹೋಲಿಸಿ ನೋಡಿದ ನಂತರವೇ ಕಾರ್ಡನ್ನು ಅಳಿಸಬೇಕು.

ನನ್ನ ವಿದ್ಯಾರ್ಥಿ ಆ ಅರ್ಧ ನಿಮಿಷವನ್ನಷ್ಟೇ ಸಿಆರ್‌ಎಫ್ 20ರಲ್ಲಿ ಮತ್ತೆ ತಯಾರಿಸಿ ಕಳಿಸಿದ. ಮನೆಯವರು ಸಂಜೆಯೊಳಗೆ ಉತ್ತರ ಬರೆದರು: ಮೊದಲ ಕ್ಯಾಮೆರಾದ್ದೇ ಇರಲಿ, ಅಜ್ಜಿ ಕೈ ಎತ್ತುವಲ್ಲಿಂದ. ಪಕ್ಕದಲ್ಲಿ ಫ್ರೇಮ್ ಸಂಖ್ಯೆಯನ್ನೂ ಬರೆದಿದ್ದರು.