ಶುಗರ್ ಸ್ಟ್ರಿಪ್ಪಿನ ಮೇಲಿನ ತೆರಿಗೆ: ವ್ಯಾಪಾರಿಗಳು ಮಾಡಬೇಕಾದ ಲೆಕ್ಕ

ನಮ್ಮವರಲ್ಲಿ ಐವತ್ತು ದಾಟಿದ ನಾಲ್ಕು ಜನ ಒಂದೆಡೆ ಕೂಡಿದರೆ ಮಾತು ಧಾರಣಿಯಿಂದ ಸುರುವಾಗಿ ಶುಗರಿಗೆ ಬಂದು ನಿಲ್ಲುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಾದಿಯ ಮೇಲೆ ಕುಳಿತು ವ್ಯವಹಾರ ಮಾಡುವವರಿಗೆ ಈ ಜಡ್ಡು ಹೊಸದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ.

ಈಗ ಬಹಳ ಮನೆಗಳಲ್ಲಿ ಶುಗರ್ ನೋಡುವ ಮಷೀನು ಇದೆ. ಆದರೆ ಕಪಾಟು ತೆಗೆದು ನೋಡಿರಿ. ಮಷೀನು ಇರುತ್ತದೆ, ಸ್ಟ್ರಿಪ್ಪಿನ ಡಬ್ಬಿ ಖಾಲಿ ಇರುತ್ತದೆ. ಮಷೀನು ಒಮ್ಮೆ ಕೊಂಡರೆ ವರ್ಷಗಟ್ಟಲೆ ನಡೆಯುತ್ತದೆ, ಸ್ಟ್ರಿಪ್ಪು ಮಾತ್ರ ಒಂದು ಹನಿ ರಕ್ತಕ್ಕೆ ಒಂದು ಬೇಕು. ಖರ್ಚು ಹಿಡಿಯಬೇಕೆಂದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಅದರಲ್ಲೂ ಯಜಮಾನರ ಬೆರಳಿಗೆ ಸ್ಟ್ರಿಪ್ಪು ಇರುತ್ತದೆ, ಮನೆಯ ಹಿರಿಯ ಹೆಣ್ಣುಮಕ್ಕಳು "ನನಗೇನಾಗೇದ ಬಿಡ್ರಿ" ಎಂದು ಸುಮ್ಮನಾಗುತ್ತಾರೆ. ಅವರು ಹಾಗೆ ಅಂದದ್ದನ್ನು ನಾವು ನಂಬಿಬಿಡುತ್ತೇವೆ, ಯಾಕೆಂದರೆ ನಂಬುವುದು ಅಗ್ಗ.

ನಮ್ಮ ಮನೆಗಳಿಗೆ ಈ ಪರೀಕ್ಷೆ ಇನ್ನೊಂದು ಕಾರಣಕ್ಕೂ ಬೇಕು. ಸೂರ್ಯಾಸ್ತದೊಳಗೆ ಊಟ ಮುಗಿಸಿದರೆ ಮರುದಿನ ಬೆಳಗಿನವರೆಗೆ ಹನ್ನೆರಡು ತಾಸಿನ ಅಂತರ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಕೆಲವು ತರದ ಗುಳಿಗೆ ನುಂಗುವವರಿಗೂ ಈ ಅವಧಿಯಲ್ಲಿ ಶುಗರ್ 70ಕ್ಕಿಂತ ಕೆಳಗೆ ಇಳಿಯುವ ಭಯವಿದೆ. ದಶಲಕ್ಷಣ ಪರ್ವದಲ್ಲಿ ಏಕಾಶನ, ಉಪವಾಸ ಮಾಡುವವರು ಡಾಕ್ಟರರನ್ನು ಕೇಳಿ ಔಷಧದ ಪ್ರಮಾಣ ಬದಲಿಸಿಕೊಳ್ಳಬೇಕು. ಆ ದಿನಗಳಲ್ಲಂತೂ ಮನೆಯಲ್ಲಿ ಸ್ಟ್ರಿಪ್ಪು ಇರಲೇಬೇಕು. ಮೈ ಬೆವರಿ ಕೈ ನಡುಗುವಾಗ ಯಾವ ಲ್ಯಾಬೂ ತೆರೆದಿರುವುದಿಲ್ಲ.

ಇನ್ನು ತೆರಿಗೆಯ ಮಾತು. ಲ್ಯಾಬಿಗೆ ಹೋಗಿ ರಕ್ತ ಕೊಟ್ಟರೆ ಆ ಬಿಲ್ಲಿನ ಮೇಲೆ ಜಿಎಸ್‌ಟಿ ಇಲ್ಲ. ವೈದ್ಯಕೀಯ ಸೇವೆಗೆ ವಿನಾಯಿತಿ ಇದೆ. ಅದೇ ರಕ್ತವನ್ನು ಮನೆಯಲ್ಲಿ ನೋಡಿಕೊಂಡರೆ ತೆರಿಗೆ ಕೊಡಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಬಹುಕಾಲ ಮಷೀನು, ಸ್ಟ್ರಿಪ್ಪುಗಳ ಮೇಲೆ ಶೇ. 12 ಇತ್ತು, ಜ್ವರ ನೋಡುವ ಥರ್ಮಾಮೀಟರಿಗೆ ಶೇ. 18. 2025ರ ಸೆಪ್ಟೆಂಬರ್ 3ರ ಜಿಎಸ್‌ಟಿ ಮಂಡಳಿಯ ಸಭೆ ಇವನ್ನೆಲ್ಲ ಶೇ. 5ಕ್ಕೆ ಇಳಿಸಿತು, ಸೆಪ್ಟೆಂಬರ್ 22ರಿಂದ ಅದು ಜಾರಿಗೆ ಬಂತು. ಒಳ್ಳೆಯ ಕೆಲಸವೇ ಆಯಿತು. ಆದರೂ ಬಂಗಾರದ ಮೇಲೆ ಶೇ. 3, ರೋಗಿಯ ಸ್ಟ್ರಿಪ್ಪಿನ ಮೇಲೆ ಶೇ. 5 ಎಂಬುದು ಉಳಿದೇ ಇದೆ. ನಮ್ಮಲ್ಲಿ ಸರಾಫ ಕಟ್ಟೆಯವರು ಬಹಳ ಜನ ಇದ್ದೀರಿ, ಸಿಟ್ಟಾಗಬೇಡಿರಿ. ನಿಮ್ಮ ದರ ಏರಿಸಿರೆಂದು ನಾವು ಕೇಳುತ್ತಿಲ್ಲ.

ಲೆಕ್ಕ ಹೀಗೆ. ದಿನಕ್ಕೆ ಎರಡು ಸಲ ನೋಡಿಕೊಳ್ಳುವವರಿಗೆ ವರ್ಷಕ್ಕೆ 730 ಸ್ಟ್ರಿಪ್ಪು, ಅಂದರೆ 50ರ ಹದಿನೈದು ಡಬ್ಬಿ. ಡಬ್ಬಿಗೆ ತೆರಿಗೆ ಬಿಟ್ಟು 1,000 ರೂ. ಎಂದು ಹಿಡಿದರೆ ಒಟ್ಟು 15,000 ರೂ. ಶೇ. 12ರಂತೆ ತೆರಿಗೆ 1,800 ರೂ., ಶೇ. 5ರಂತೆ 750 ರೂ. ವರ್ಷಕ್ಕೆ 1,050 ರೂ. ಉಳಿಯಬೇಕು. "ಉಳಿಯಬೇಕು" ಎಂದದ್ದು ಯಾಕೆಂದರೆ ಎಮ್ಮಾರ್ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ತೆರಿಗೆ ಇಳಿದಾಗ ಎಮ್ಮಾರ್ಪಿ ಇಳಿಯದಿದ್ದರೆ ಆ ಹಣ ಗಿರಾಕಿಗೆ ಮುಟ್ಟುವುದಿಲ್ಲ. 2025ರ ಸೆಪ್ಟೆಂಬರಿಗೆ ಮೊದಲಿನ ಬಿಲ್ಲು ಮನೆಯಲ್ಲಿದ್ದರೆ ಈಗಿನದರ ಪಕ್ಕಕ್ಕೆ ಇಟ್ಟು ನೋಡಿರಿ. ಮೋಸವೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.

ನಡುವೆ ಒಂದು ಮಾತು. ಅಂಗಡಿಯ ಜಿಎಸ್‌ಟಿ ನಂಬರಿನ ಮೇಲೆ ಸ್ಟ್ರಿಪ್ಪಿನ ಬಿಲ್ಲು ಮಾಡಿಸಿ ತೆರಿಗೆ ಜಮಾ ಪಡೆಯಬಹುದೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಸ್ವಂತ ಉಪಯೋಗದ ವಸ್ತುವಿಗೆ ಕಲಂ 17(5) ಅಡ್ಡ ಇದೆ.

ಹಾಗಾದರೆ ಪೂರ್ತಿ ವಿನಾಯಿತಿ ಕೊಡಿರಿ ಎಂದು ಕೇಳಿದರೆ ಆಯಿತಲ್ಲ ಎನ್ನುವಿರಿ. ವ್ಯಾಪಾರ ಬಲ್ಲವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ವಿನಾಯಿತಿ ಸಿಕ್ಕ ವಸ್ತುವಿನ ತಯಾರಕನಿಗೆ ಕಚ್ಚಾ ಮಾಲಿನ ಮೇಲೆ ಕೊಟ್ಟ ತೆರಿಗೆ ಜಮಾ ಸಿಗುವುದಿಲ್ಲ. 100 ರೂಪಾಯಿಯ ಸ್ಟ್ರಿಪ್ಪಿನಲ್ಲಿ 40 ರೂಪಾಯಿಯ ರಸಾಯನ, ಪ್ಲಾಸ್ಟಿಕ್, ಪ್ಯಾಕಿಂಗ್ ಇದೆ, ಅದರ ಮೇಲೆ ಶೇ. 18 ತೆರಿಗೆ ಇದೆ ಎಂದಿಟ್ಟುಕೊಳ್ಳಿ. ಅದು 7 ರೂ. 20 ಪೈಸೆ. ಈಗ ಶೇ. 5ರಲ್ಲಿ ಮಾರಿದರೆ ಆ 7.20ರಲ್ಲಿ 5 ರೂ. ಮಾರಾಟದ ತೆರಿಗೆಗೆ ವಜಾ ಆಗುತ್ತದೆ, ಉಳಿದ 2.20ನ್ನು ಅವನು ಮರಳಿ ಕೇಳಬಹುದು. ಗಿರಾಕಿಗೆ 105ಕ್ಕೆ ಬೀಳುತ್ತದೆ. ಬರೀ ವಿನಾಯಿತಿ ಕೊಟ್ಟರೆ ಆ 7.20 ಅವನ ಮೈಮೇಲೆ ಬಂದು, ದರ 107.20 ಆದೀತು! ಪರದೇಶದಿಂದ ತಯಾರಾಗಿ ಬಂದ ಮಾಲಿಗೆ ಈ ಹೊರೆ ಇಲ್ಲ. 2018ರ ಜುಲೈಯಲ್ಲಿ ಸ್ಯಾನಿಟರಿ ನ್ಯಾಪ್‌ಕಿನ್ನಿಗೆ ಶೇ. 12 ತೆಗೆದು ವಿನಾಯಿತಿ ಕೊಟ್ಟಾಗ ಇದೇ ತೊಡಕು ಎದ್ದಿತ್ತು.

ನಾವು ಕೇಳಬೇಕಾದದ್ದು ರಫ್ತಿನ ಮಾಲಿಗೆ ಇರುವ ಪದ್ಧತಿ. ಅಲ್ಲಿ ಮಾರಾಟದ ಮೇಲೆ ಸೊನ್ನೆ, ಕಚ್ಚಾ ಮಾಲಿನ ತೆರಿಗೆಯೂ ಮರಳಿ. ಅದಕ್ಕೆ ಕಾಯ್ದೆ ತಿದ್ದಬೇಕು, ಒಂದು ಅಧಿಸೂಚನೆಯಿಂದ ಆಗುವಂಥದಲ್ಲ. ಅಲ್ಲಿಯವರೆಗೆ ಶೇ. 5 ಇದ್ದು ಮರುಪಾವತಿ ಬೇಗ ಆಗಲಿ.

ತೆರಿಗೆಯೊಂದೇ ದರ ಏರಿಸುವುದಿಲ್ಲ ಎಂಬುದನ್ನೂ ನಮ್ಮ ಔಷಧ ವ್ಯಾಪಾರಿ ಬಂಧುಗಳು ಬಲ್ಲರು. 2021ರ ಜುಲೈಯಲ್ಲಿ ಔಷಧ ದರ ಪ್ರಾಧಿಕಾರವು ಶುಗರ್ ಮಷೀನು, ಬಿಪಿ ಮಷೀನು, ಥರ್ಮಾಮೀಟರು, ನೆಬ್ಯುಲೈಜರು, ಆಕ್ಸಿಮೀಟರು ಈ ಐದಕ್ಕೆ, ವಿತರಕನಿಗೆ ಬೀಳುವ ದರದ ಮೇಲೆ ಲಾಭ ಶೇ. 70 ಮೀರಬಾರದೆಂದು ಕಟ್ಟು ಹಾಕಿತು. ಶೇ. 70ರ ಮಿತಿ ಹಾಕಬೇಕಾಯಿತೆಂದರೆ ಮೊದಲು ಎಷ್ಟಿತ್ತೆಂದು ಊಹಿಸಿರಿ. ತೆರಿಗೆ ಇಳಿಸಿರೆಂದು ಸರಕಾರಕ್ಕೆ ಹೇಳುವ ನಾವು ನಮ್ಮ ಅಂಗಡಿಯಲ್ಲಿಯೂ ಸ್ಟ್ರಿಪ್ಪಿನ ಮೇಲೆ ಲಾಭ ಕಡಿಮೆ ಹಿಡಿದರೆ ಮಾತಿಗೆ ತೂಕ ಬರುತ್ತದೆ.

ಕೊಳ್ಳುವವರು ಡಬ್ಬಿಯ ಮೇಲಿನ ಮುಕ್ತಾಯದ ತಾರೀಖು ನೋಡಿರಿ. ಅಗ್ಗವೆಂದು ಬೇರೆ ಮಷೀನಿನ ಸ್ಟ್ರಿಪ್ಪು ತರಬೇಡಿರಿ. ಮನೆಯ ಮಷೀನಿನಲ್ಲಿ ಶೇ. 15ರವರೆಗೆ ಹೆಚ್ಚು ಕಡಿಮೆ ಬರುವುದನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಮೂರು ತಿಂಗಳ ಸರಾಸರಿಯ ಪರೀಕ್ಷೆಗೆ ಲ್ಯಾಬಿಗೇ ಹೋಗಬೇಕು.

ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗ ತೂಕ, ರಾಜ್ಯಗಳದ್ದು ಮೂರನೆಯ ಎರಡು ಭಾಗ. ನಿರ್ಣಯಕ್ಕೆ ಮುಕ್ಕಾಲು ಪಾಲು ಬೇಕು. ಈ ಮಾಸಿಕದ ವಾಚಕರು ಸೋಲಾಪುರ, ಅಕ್ಕಲಕೋಟೆ, ಜತ್ತದಲ್ಲಿದ್ದಾರೆ, ಆದೋನಿ, ರಾಯದುರ್ಗದಲ್ಲಿದ್ದಾರೆ, ಹೊಸೂರಿನಲ್ಲಿ, ವಯನಾಡಿನಲ್ಲಿ ಇದ್ದಾರೆ. ಹಿಂದೆ ಗಡಿಯ ಈಚೆಗೊಂದು ತೆರಿಗೆ, ಆಚೆಗೊಂದು ತೆರಿಗೆ ಎಂದು ನಾವು ಬಳಲಿದ್ದುಂಟು. ಈಗ ಅದೇ ಗಡಿ ನಮಗೆ ಅನುಕೂಲ. ಪ್ರತಿ ಊರಿನ ವ್ಯಾಪಾರಿ ಸಂಘದವರು ಮೇಲಿನ ಲೆಕ್ಕ ಬರೆದು, ಸ್ಟ್ರಿಪ್ಪಿನ ಹಳೆಯ ಬಿಲ್ಲು ಹೊಸ ಬಿಲ್ಲು ಎರಡೂ ಜೋಡಿಸಿ, ತಮ್ಮ ತಮ್ಮ ರಾಜ್ಯದ ಅರ್ಥಮಂತ್ರಿಗಳಿಗೆ ಮನವಿ ಕಳಿಸಲಿ. ಮನವಿ ಆಯಾ ರಾಜ್ಯದ ಭಾಷೆಯಲ್ಲಿ ಇರಲಿ, ಒಂದು ಪ್ರತಿ ಸಂಘದ ಕಡತದಲ್ಲಿ ಉಳಿಯಲಿ.